ಕೆರೆ ಅಂಗಳದಲ್ಲಿ ಗೋಲ್‌ಪೋಸ್ಟ್: ಬೆಂಗಳೂರಿನ ಎರಡು ಫುಟ್‌ಬಾಲ್ ಸ್ಟೇಡಿಯಂಗಳ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮೆಟ್ರೋದಲ್ಲೋ, ಬಸ್ಸಲ್ಲೋ, ರಾತ್ರಿ ಪಾತ್ರೆ ತೊಳೀತಾನೋ ಕೇಳ್ತಾ ಇದ್ದೀರಿ ಅಂದ್ಕೋತೀನಿ. ಇವತ್ತು ನಿಮ್ಮನ್ನ ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂಗೆ ಕರ್ಕೊಂಡು ಹೋಗ್ತೀನಿ. ಒಂದಲ್ಲ, ಎರಡು. ಒಂದು ಕಸ್ತೂರಬಾ ರಸ್ತೆ ಹತ್ತಿರದ ಕಂಠೀರವ. ಇನ್ನೊಂದು ಅಶೋಕನಗರದಲ್ಲಿ, ಗರುಡಾ ಮಾಲ್ ಪಕ್ಕದಲ್ಲೇ ಇರೋ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಎರಡರ ನಡುವೆ ಸುಮಾರು ಎರಡು ಕಿಲೋಮೀಟರ್ ದೂರ. ಬೆಳಗ್ಗೆ ಬಿಸಿಲು ಏರೋ ಮೊದಲು ಹೊರಟ್ರೆ ನಡ್ಕೊಂಡೇ ಎರಡನ್ನೂ ನೋಡಬಹುದು.

ಮೊದಲೇ ಒಂದು ಪ್ರಶ್ನೆ ಇಡ್ತೀನಿ. ಬೆಂಗಳೂರಿಗೆ ಫುಟ್‌ಬಾಲ್ ಬಂದಿದ್ದು ಯಾವಾಗ? ನಿಮ್ಮ ವಯಸ್ಸು ಇಪ್ಪತ್ತು, ಇಪ್ಪತ್ತೈದರ ಆಸುಪಾಸಿದ್ರೆ ಉತ್ತರ ಥಟ್ಟನೆ ಬರುತ್ತೆ: 2013, ಬೆಂಗಳೂರು ಎಫ್‌ಸಿ, ನೀಲಿ ಜೆರ್ಸಿ, ಸುನಿಲ್ ಛೆಟ್ರಿ. ಆ ಉತ್ತರ ಪೂರ್ತಿ ತಪ್ಪೇನಲ್ಲ. ಆದ್ರೆ ಅದು ಪುಸ್ತಕದ ಕೊನೇ ಅಧ್ಯಾಯವನ್ನ ಮೊದಲ ಪುಟ ಅಂತ ತಿಳ್ಕೊಂಡ ಹಾಗೆ. ಅದರ ಹಿಂದೆ ಒಂದು ಶತಮಾನಕ್ಕೂ ಹೆಚ್ಚಿನ ಆಟ ಇದೆ, ಒಲಿಂಪಿಕ್ಸ್ ಇದೆ, ಬರಿಗಾಲಿನ ಹುಡುಗರಿದ್ದಾರೆ, ಕಾರ್ಖಾನೆ ತಂಡಗಳಿವೆ. ಎಲ್ಲಕ್ಕಿಂತ ಕೆಳಗೆ ನೀರಿದೆ. ಅಲ್ಲಿಂದಲೇ ಶುರು ಮಾಡೋಣ.

ಕಂಠೀರವದ ಕೆಳಗೆ ಏನಿದೆ?

ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು, ಪಾರ್ಕಿನ ಬಿದಿರು ಮೆಳೆಗಳ ಪಕ್ಕದಲ್ಲಿ ನಡೆದು ಬಂದ್ರೆ ಕಂಠೀರವ ಕ್ರೀಡಾಂಗಣದ ದೊಡ್ಡ ಗ್ಯಾಲರಿ ಕಾಣುತ್ತೆ. ಗೇಟಿನ ಹತ್ತಿರ ನಿಂತು ಒಂದು ಸಲ ಸುತ್ತ ನೋಡಿ. ಒಂದು ಕಡೆ ಕಾರ್ಪೊರೇಷನ್ ವೃತ್ತ, ಇನ್ನೊಂದು ಕಡೆ ಕಸ್ತೂರಬಾ ರಸ್ತೆ. ಎಲ್ಲಾ ರಸ್ತೆಗಳೂ ಸ್ಟೇಡಿಯಂ ಕಡೆಗೆ ಸ್ವಲ್ಪ ಇಳಿಜಾರು. ಅದು ಸುಮ್ನೆ ಅಲ್ಲ. ನೀವು ನಿಂತಿರೋದು ಸಂಪಂಗಿ ಕೆರೆ ಅಂಗಳದಲ್ಲಿ.

ಕೆರೆ ಅಂದ್ರೆ ಬರೀ ನೀರಿನ ಹೊಂಡ ಅಲ್ಲ. ಬೆಂಗಳೂರಿನ ಕೆರೆಗಳು ಸರಮಾಲೆ ಥರ. ಮೇಲಿನ ಕೆರೆ ತುಂಬಿದ್ರೆ ಕೋಡಿ ಹರಿದು, ರಾಜಕಾಲುವೆ ಮೂಲಕ ಕೆಳಗಿನ ಕೆರೆಗೆ ನೀರು ಹೋಗೋದು. ಬೇಸಿಗೆಯಲ್ಲಿ ತೂಬು ತೆಗೆದು ತೋಟಕ್ಕೆ ಬಿಡೋರು. ಸಂಪಂಗಿ ಕೆರೆ ಪೇಟೆಗೂ ದಂಡಿಗೂ ನಡುವೆ ಇತ್ತು. ಪೇಟೆ ಅಂದ್ರೆ ಹಳೇ ಬೆಂಗಳೂರು: ಚಿಕ್ಕಪೇಟೆ, ಬಳೇಪೇಟೆ, ಕೋಟೆ. ದಂಡು ಅಂದ್ರೆ ಬ್ರಿಟಿಷ್ ಸೈನ್ಯದ ಕಂಟೋನ್ಮೆಂಟ್. ಶ್ರೀರಂಗಪಟ್ಟಣದಲ್ಲಿ ಜ್ವರದ ಕಾಟ ತಡೀಲಾರದೆ ಬ್ರಿಟಿಷರು ತಮ್ಮ ಪಡೆಗಳನ್ನ ಇಲ್ಲಿಗೆ ತಂದು 1809ರಲ್ಲಿ ಈ ದಂಡನ್ನ ಕಟ್ಟಿದ್ರು. ಈ ಕೆರೆಯ ನೀರನ್ನ ನಂಬಿ ತೋಟಗಾರಿಕೆ ಮಾಡ್ತಿದ್ದ ತಿಗಳರಿದ್ರು, ಇಟ್ಟಿಗೆ ಸುಡೋರಿದ್ರು, ದನ ಮೇಯಿಸೋರಿದ್ರು.

ಹಾಗಾದ್ರೆ ಕೆರೆ ಹೋಗಿದ್ದು ಹೇಗೆ? ಒಂದೇ ದಿನ ಯಾರೋ ಬಂದು ಮಣ್ಣು ಸುರಿದು ಮುಚ್ಚಲಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ನಗರಕ್ಕೆ ಬರೋಕೆ ಶುರುವಾಯ್ತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಬಂತು. ಮನೆ ಹತ್ರ ನಲ್ಲಿ ಬಂದ ಮೇಲೆ ಕೆರೆ ಯಾರಿಗೆ ಬೇಕು? ಕುಡಿಯೋ ನೀರು ಅಂತ ಕಾಪಾಡ್ತಿದ್ದ ಜಾಗ ನಿಧಾನಕ್ಕೆ ಸೊಳ್ಳೆ ಹುಟ್ಟೋ ಜಾಗ, ಕಸ ಹಾಕೋ ಜಾಗ ಆಯ್ತು. ಆಮೇಲೆ 'ಖಾಲಿ ಜಾಗ' ಅನ್ನೋ ಹೆಸರು ಬಿತ್ತು. ಕೆರೆ ಅಂಗಳ ವಿಶಾಲ, ಸಮತಟ್ಟು, ಅದರ ಮೇಲೆ ಸರ್ಕಾರದ ಹಕ್ಕು. ಯಾರ ಮನೆ ಒಡೆಯೋದೂ ಬೇಡ, ಯಾರಿಗೂ ಪರಿಹಾರ ಕೊಡೋದೂ ಬೇಡ. ಊರಿನ ನಡುವೆ ಮೈದಾನ ಬೇಕು ಅಂದಾಗ ಅಧಿಕಾರಿಗಳ ಕಣ್ಣು ಮೊದಲು ಹೋಗಿದ್ದೇ ಇಂಥ ಜಾಗಕ್ಕೆ.

ಸಂಪಂಗಿ ಕೆರೆ ಒಂಟಿ ಅಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಯ್ತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ ಆಯ್ತು. ನಮ್ಮ ಎರಡನೇ ನಿಲ್ದಾಣ ಅಶೋಕನಗರ ಇದ್ಯಲ್ಲ, ಅದರ ಹಳೇ ಹೆಸರು ಶೂಲೆ. ಅಲ್ಲಿದ್ದ ಶೂಲೆ ಕೆರೆಯೇ ಫುಟ್‌ಬಾಲ್ ಸ್ಟೇಡಿಯಂ ಆಯ್ತು. ಅಂದ್ರೆ ಈ ಊರಿನ ಎರಡೂ ಫುಟ್‌ಬಾಲ್ ಸ್ಟೇಡಿಯಂಗಳಲ್ಲಿ ಚೆಂಡು ಉರುಳೋದು ಕೆರೆಯ ಎದೆ ಮೇಲೆ.

ಸಂಪಂಗಿ ಕೆರೆ ಪೂರ್ತಿ ಸತ್ತಿದೆಯಾ? ಇಲ್ಲ. ಸ್ಟೇಡಿಯಂ ಆವರಣದ ಪಕ್ಕದಲ್ಲೇ ಒಂದು ಸಣ್ಣ ಕೊಳ ಉಳಿದಿದೆ. ಅದು ಉಳಿದಿರೋದು ನಗರ ಯೋಜನೆಯ ದಯೆಯಿಂದ ಅಲ್ಲ, ಕರಗದಿಂದ. ಪ್ರತಿ ವರ್ಷ ಚೈತ್ರದಲ್ಲಿ ಬೆಂಗಳೂರು ಕರಗ ನಡೆಯುವಾಗ ವಹ್ನಿಕುಲ ಕ್ಷತ್ರಿಯರು, ಅಂದ್ರೆ ತಿಗಳ ಸಮುದಾಯದವರು, ಹಸಿ ಕರಗದ ವಿಧಿಗಳಿಗೆ ಸಂಪಂಗಿ ಕೆರೆ ಅಂಗಳಕ್ಕೇ ಬರ್ತಾರೆ. ಯಾವ ಕೆರೆಯ ನೀರಲ್ಲಿ ಅವರ ಹಿರಿಯರು ತೋಟ ಬೆಳೆಸಿದ್ರೋ ಆ ಕೆರೆಯ ಕೊನೇ ತುಣುಕನ್ನ ಅವರ ಆಚರಣೆಯೇ ಉಳಿಸಿಕೊಂಡಿದೆ. ಕಂಠೀರವಕ್ಕೆ ಮ್ಯಾಚ್ ನೋಡೋಕೆ ಹೋದಾಗ ಆ ಕೊಳವನ್ನೂ ಒಂದು ಸಲ ನೋಡಿ ಬನ್ನಿ.

ದಂಡಿನ ಆಟ

ಈಗ ಚೆಂಡಿನ ಕಡೆ ಬರೋಣ. ಫುಟ್‌ಬಾಲ್ ಇಲ್ಲಿಗೆ ಬಂದಿದ್ದು ಸೈನಿಕರ ಜೊತೆ. ಬ್ರಿಟಿಷ್ ರೆಜಿಮೆಂಟ್‌ಗಳು ಸಂಜೆ ಹೊತ್ತು ಆಡ್ತಿದ್ವು. ಸುತ್ತ ನಿಂತು ನೋಡ್ತಿದ್ದೋರು ಯಾರು? ಮದ್ರಾಸ್ ಸೈನ್ಯದ ಹಿಂದೆಯೇ ಬಂದು ದಂಡಿನಲ್ಲಿ ನೆಲೆಸಿದ ಜನ. ತಮಿಳು ಮಾತಾಡೋ ಕೆಲಸಗಾರರು, ಉರ್ದು ಮಾತಾಡೋ ವ್ಯಾಪಾರಿಗಳು, ತೆಲುಗರು, ಆಂಗ್ಲೋ ಇಂಡಿಯನ್ನರು. ಅಲಸೂರು, ಗೌತಮಪುರ, ಆಸ್ಟಿನ್ ಟೌನ್, ಶಿವಾಜಿನಗರ. ಈ ಗಲ್ಲಿಗಳ ಮಕ್ಕಳಿಗೆ ಕ್ರಿಕೆಟ್ ಬ್ಯಾಟು, ಪ್ಯಾಡು ಕೈಗೆಟುಕೋದಲ್ಲ. ಫುಟ್‌ಬಾಲ್‌ಗೆ ಒಂದು ಚೆಂಡು ಸಾಕು. ಬೂಟೂ ಬೇಡ.

1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ವಾಪಸ್ ಬಂದಾಗಲೂ ದಂಡು ಬ್ರಿಟಿಷರ ಕೈಲೇ ಉಳೀತು. ಒಂದೇ ಊರಲ್ಲಿ ಎರಡು ಆಡಳಿತ, ಎರಡು ಮುನಿಸಿಪಾಲಿಟಿ. ನಡುವೆ ಕಬ್ಬನ್ ಪಾರ್ಕು, ಸಂಪಂಗಿ ಕೆರೆ. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಈ ಗಡಿ ಕಾಗದದಲ್ಲಿ ಅಳಿಸಿಹೋದ್ರೂ ನಮ್ಮ ನೆನಪಿನಲ್ಲಿ ಪೂರ್ತಿ ಅಳಿಸಿಲ್ಲ. ಬೆಂಗಳೂರಿನ ಇತಿಹಾಸ ಅಂದಾಗ ಕೆಂಪೇಗೌಡರ ಗೋಪುರ, ಕೋಟೆ, ಪೇಟೆ ಬರುತ್ತೆ. ದಂಡಿನ ಕಾರ್ಮಿಕರ ಗಲ್ಲಿಗಳು ಬರೋದು ಕಡಿಮೆ. ಫುಟ್‌ಬಾಲ್ ಹುಟ್ಟಿದ್ದು ಅಲ್ಲೇ ಆದ್ದರಿಂದ ಅದರ ಕಥೆಯೂ ಆ ಗಲ್ಲಿಗಳ ಜೊತೆಗೇ ಮೂಲೆಗೆ ಸರೀತು.

ಒಂದು ಉದಾಹರಣೆ ಕೊಡ್ತೀನಿ. ಬಾಂಬೆಯಲ್ಲಿ ರೋವರ್ಸ್ ಕಪ್ ಅಂತ ಒಂದು ಟೂರ್ನಿ ಇತ್ತು. 1891ರಲ್ಲಿ ಶುರುವಾದದ್ದು. ವರ್ಷಾನುಗಟ್ಟಲೆ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ತಾ ಬಂದ್ವು. ಅದನ್ನ ಮುರಿದ ಮೊದಲ ಭಾರತೀಯ ಕ್ಲಬ್ ಯಾವುದು ಗೊತ್ತಾ? ಕೋಲ್ಕತ್ತಾದ ಮೋಹನ್ ಬಾಗಾನ್ ಅಲ್ಲ, ಮೊಹಮ್ಮಡನ್ ಸ್ಪೋರ್ಟಿಂಗ್ ಅಲ್ಲ. ನಮ್ಮ ದಂಡಿನ 'ಬ್ಯಾಂಗಲೋರ್ ಮುಸ್ಲಿಮ್ಸ್'. 1937ರಲ್ಲಿ ಗೆದ್ರು. ಏನೋ ಅದೃಷ್ಟ ಅಂದವರ ಬಾಯಿ ಮುಚ್ಚಿಸೋ ಹಾಗೆ 1938ರಲ್ಲಿ ಮತ್ತೆ ಗೆದ್ರು.

ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಮುಂಚೆ, ಆಳುವವರ ಆಟದಲ್ಲಿ ಆಳುವವರ ಕಪ್ ಎತ್ತಿದ ಕ್ಲಬ್ ಅದು. 1911ರಲ್ಲಿ ಮೋಹನ್ ಬಾಗಾನ್ ಐಎಫ್‌ಎ ಶೀಲ್ಡ್ ಗೆದ್ದಿದ್ದನ್ನ ಬಂಗಾಳ ಇವತ್ತಿಗೂ ಹಬ್ಬದ ಹಾಗೆ ನೆನೆಯುತ್ತೆ. ನಮ್ಮ 1937 ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಬರಿಗಾಲಲ್ಲಿ ಲಂಡನ್‌ಗೆ

ಈಗ 1948ಕ್ಕೆ ಬನ್ನಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷ ಕೂಡ ತುಂಬಿರಲಿಲ್ಲ. ಲಂಡನ್ ಒಲಿಂಪಿಕ್ಸ್. ಜುಲೈ 31, ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನ. ಎದುರಾಳಿ ಫ್ರಾನ್ಸ್. ಭಾರತ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ರು. ಆ ತಂಡದಲ್ಲಿ ಬೆಂಗಳೂರಿನ ಹೆಸರುಗಳಿದ್ವು: ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ವಜ್ರವೇಲು, ಧನರಾಜ್.

ಫ್ರಾನ್ಸ್ ಮೊದಲು ಗೋಲ್ ಹೊಡೀತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ವು, ಎರಡೂ ಕೈತಪ್ಪಿದ್ವು. 70ನೇ ನಿಮಿಷದಲ್ಲಿ ರಾಮನ್ ಗೋಲ್ ಹೊಡೆದು 1-1 ಮಾಡಿದ್ರು. ಕೊನೇ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆಲ್ತು. ಸೋತ್ವಿ. ಆದ್ರೆ ಒಂದು ವಿಷಯ ಗಮನಿಸಿ. ಸ್ವತಂತ್ರ ಭಾರತ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಹೊಡೆದ ಮೊದಲ ಗೋಲ್ ಬೆಂಗಳೂರಿನ ಹುಡುಗನ ಕಾಲಿಂದ ಬಂದಿದ್ದು.

ನಾಲ್ಕು ವರ್ಷ ಬಿಟ್ಟು, 1952, ಹೆಲ್ಸಿಂಕಿ. ಯುಗೊಸ್ಲಾವಿಯಾ ವಿರುದ್ಧ ಭಾರತ 1-10ರಿಂದ ಹೀನಾಯವಾಗಿ ಸೋಲ್ತು. ಆ ಒಂದು ಗೋಲ್ ಇದ್ಯಲ್ಲ, ಅದನ್ನ ಹೊಡೆದಿದ್ದು ಅಹ್ಮದ್ ಖಾನ್. ಚಳಿ ದೇಶದ ಹುಲ್ಲಿನ ಮೇಲೆ ಬರಿಗಾಲಿನ ಆಟ ಇನ್ನು ನಡೆಯಲ್ಲ ಅನ್ನೋದು ಅಲ್ಲಿ ಖಚಿತವಾಯ್ತು. ಆಮೇಲೆ ಬೂಟು ಕಡ್ಡಾಯ ಆಯ್ತು.

ಅಹ್ಮದ್ ಖಾನ್ ಬಗ್ಗೆ ಇನ್ನೆರಡು ಮಾತು. ಚೆಂಡನ್ನ ಕಾಲಲ್ಲಿ ಆಡಿಸೋ ರೀತಿ ನೋಡಿ ಜನ ಅವರನ್ನ 'ಹಾವಾಡಿಗ' ಅಂತ ಕರೀತಿದ್ರು. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ 'ಪಂಚ ಪಾಂಡವರು' ಅಂತ ಐದು ಜನ ಫಾರ್ವರ್ಡ್‌ಗಳ ಒಂದು ಸಾಲಿತ್ತು. ಅಪ್ಪಾ ರಾವ್, ವೆಂಕಟೇಶ್, ಸಾಲೆ, ಧನರಾಜ್, ಅಹ್ಮದ್ ಖಾನ್. ಐವರೂ ದಕ್ಷಿಣದವರೇ. ಬಂಗಾಳದ ಹಳೇ ಅಭಿಮಾನಿಗಳಿಗೆ ಈ ಹೆಸರುಗಳು ಬಾಯಿಪಾಠ. 1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಖಾನ್ ಇದ್ರು. 2017ರಲ್ಲಿ, 90ರ ವಯಸ್ಸಿನಲ್ಲಿ, ಇದೇ ಬೆಂಗಳೂರಲ್ಲಿ ತೀರಿಕೊಂಡ್ರು. ಅಂದ್ರೆ ಲೆಕ್ಕ ಹಾಕಿ: ಬೆಂಗಳೂರು ಎಫ್‌ಸಿ ಕಂಠೀರವದಲ್ಲಿ ಆಡ್ತಾ, ಸಾವಿರಾರು ಹುಡುಗರು ಗ್ಯಾಲರಿಯಲ್ಲಿ ಕೂಗ್ತಾ ಇದ್ದ ವರ್ಷಗಳಲ್ಲೇ, ಅದೇ ಊರಿನಲ್ಲಿ ಹೆಲ್ಸಿಂಕಿಯ ಆ ಗೋಲ್ ಹೊಡೆದ ಮನುಷ್ಯ ಇನ್ನೂ ಬದುಕಿದ್ರು. ಎರಡು ಕಾಲಗಳೂ ಒಂದೇ ಊರಲ್ಲಿದ್ವು. ಒಂದಕ್ಕೊಂದು ಪರಿಚಯ ಮಾತ್ರ ಅಷ್ಟಾಗಿ ಆಗಲಿಲ್ಲ.

ಮೈಸೂರು ಅನ್ನೋ ತಂಡ

ರಾಜ್ಯಗಳ ನಡುವಿನ ದೊಡ್ಡ ಟೂರ್ನಿ ಅಂದ್ರೆ ಸಂತೋಷ್ ಟ್ರೋಫಿ. 1941ರಲ್ಲಿ ಶುರುವಾಯ್ತು. ಬಂಗಾಳದ್ದೇ ಅಲ್ಲಿ ಕಾರುಬಾರು. ಆದ್ರೆ ಬಂಗಾಳಕ್ಕೆ ಸಲೀಸಾಗಿ ದಾರಿ ಬಿಡದ ಒಂದು ತಂಡ ಇತ್ತು. ಮೈಸೂರು. 1946ರಲ್ಲಿ ಮೈಸೂರು ಗೆಲ್ತು, ಫೈನಲ್‌ನಲ್ಲಿ ಎದುರಿದ್ದದ್ದು ಬಂಗಾಳ. 1952ರಲ್ಲಿ ಮತ್ತೆ, ಎದುರು ಅದೇ ಬಂಗಾಳ. 1967-68ರಲ್ಲಿ, 1968-69ರಲ್ಲಿ ಸತತ ಎರಡು ಸಲ, ಎರಡೂ ಸಲ ಬಂಗಾಳದ ಮೇಲೇ. ಒಟ್ಟು ನಾಲ್ಕು.

ಹೆಸರು ಮೈಸೂರು. ಆಡೋರಲ್ಲಿ ಬಹಳಷ್ಟು ಜನ ಬೆಂಗಳೂರಿನ ದಂಡಿನ ಹುಡುಗರು. ಮನೆಯಲ್ಲಿ ತಮಿಳು, ಉರ್ದು, ತೆಲುಗು. ಎದೆ ಮೇಲೆ ಮೈಸೂರು. ಯಾರು ಈ ನಾಡಿನವರು, ಯಾರು ಹೊರಗಿನವರು ಅನ್ನೋ ಜಗಳ ನಮ್ಮಲ್ಲಿ ಆಗಾಗ ಏಳುತ್ತೆ ಅಲ್ವಾ? ಆಗ ಈ ತಂಡದ ನೆನಪು ಮಾಡ್ಕೊಳ್ಳಿ. ಈ ನಾಡಿಗೆ ನಾಲ್ಕು ಸಲ ಟ್ರೋಫಿ ತಂದುಕೊಟ್ಟವರನ್ನ ಹೊರಗಿನವರು ಅನ್ನೋದು ಹೇಗೆ?

1968-69 ಆದ ಮೇಲೆ ಏನಾಯ್ತು? ಬರ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕ ಆಯ್ತು. ತಂಡದ ಹೆಸರೂ ಬದಲಾಯ್ತು. ಆದ್ರೆ 'ಕರ್ನಾಟಕ' ಅನ್ನೋ ಹೆಸರು ವಿಜೇತರ ಪಟ್ಟಿಗೆ ಸೇರೋಕೆ ಇನ್ನೂ ಅರ್ಧ ಶತಮಾನ ಹಿಡೀತು. 2023ರ ಮಾರ್ಚ್ 4. ಊರು ಬೆಂಗಳೂರಲ್ಲ, ಸೌದಿ ಅರೇಬಿಯಾದ ರಿಯಾದ್. ಸಂತೋಷ್ ಟ್ರೋಫಿಯ ಕೊನೇ ಹಂತ ಮೊದಲ ಸಲ ವಿದೇಶದಲ್ಲಿ ನಡೆದಿತ್ತು. ಕರ್ನಾಟಕ 3, ಮೇಘಾಲಯ 2. 54 ವರ್ಷಗಳ ನಂತರ ಐದನೇ ಟ್ರೋಫಿ. ಆ ರಾತ್ರಿ ನಮ್ಮ ಫೋನುಗಳಿಗೆ ಕ್ರಿಕೆಟ್ ನೋಟಿಫಿಕೇಶನ್ ಎಷ್ಟು ಬಂದ್ವು, ಇದು ಎಷ್ಟು ಬಂತು ಅಂತ ನೀವೇ ನೆನಪು ಮಾಡ್ಕೊಳ್ಳಿ.

ಸೈರನ್ ಆದ ಮೇಲೆ ಪ್ರಾಕ್ಟೀಸ್

ಹಾಗಾದ್ರೆ ಆಟಗಾರರಿಗೆ ಹೊಟ್ಟೆಪಾಡು? ಇಲ್ಲೇ ಬೆಂಗಳೂರಿನ ವಿಶೇಷ ಇರೋದು. ಕೋಲ್ಕತ್ತಾದಲ್ಲಿ ಕ್ಲಬ್ಬುಗಳು ಆಟವನ್ನ ಸಾಕಿದ್ವು. ಇಲ್ಲಿ ಆ ಕೆಲಸ ಮಾಡಿದ್ದು ಕಾರ್ಖಾನೆಗಳು. ಎಚ್‌ಎಎಲ್ ಶುರುವಾಗಿದ್ದು 1940ರಲ್ಲಿ. ಐಟಿಐ, ಅಂದ್ರೆ ಟೆಲಿಫೋನ್ ಮಾಡೋ ಕಾರ್ಖಾನೆ, 1948ರಲ್ಲಿ. ಈ ಸಾರ್ವಜನಿಕ ಉದ್ದಿಮೆಗಳು ಒಳ್ಳೇ ಆಟಗಾರರಿಗೆ ಕೆಲಸ ಕೊಡ್ತಿದ್ವು. ತಿಂಗಳ ಸಂಬಳ, ಕ್ವಾರ್ಟರ್ಸ್, ಪಿಂಚಣಿ. ಸೈನ್ಯದ ಎಂಇಜಿ, ಎಎಸ್‌ಸಿ ತಂಡಗಳೂ ಇದ್ವು. ಗಲ್ಲಿಯಲ್ಲಿ ಚೆನ್ನಾಗಿ ಆಡೋ ಹುಡುಗನಿಗೆ ಫುಟ್‌ಬಾಲ್ ಅಂದ್ರೆ ಬರೀ ಶೋಕಿ ಅಲ್ಲ, ಮನೆಯ ಬಡತನದಿಂದ ಹೊರಗೆ ಬರೋ ಬಾಗಿಲು.

ಆ ವ್ಯವಸ್ಥೆ ಎಷ್ಟು ಗಟ್ಟಿ ಇತ್ತು ಅನ್ನೋಕೆ ಒಂದು ಫಲಿತಾಂಶ ಸಾಕು. 1977ರಲ್ಲಿ ದೇಶದ ಕ್ಲಬ್ಬುಗಳಿಗಾಗಿ ಫೆಡರೇಶನ್ ಕಪ್ ಮೊದಲ ಸಲ ನಡೀತು, ಎರ್ನಾಕುಲಂನಲ್ಲಿ. ಫೈನಲ್‌ನಲ್ಲಿ ಮೋಹನ್ ಬಾಗಾನ್. ಎದುರಿಗೆ ಟೆಲಿಫೋನ್ ಕಾರ್ಖಾನೆಯ ನೌಕರರು. ಐಟಿಐ 1, ಮೋಹನ್ ಬಾಗಾನ್ 0. ಫೆಡರೇಶನ್ ಕಪ್‌ನ ಮೊಟ್ಟಮೊದಲ ಹೆಸರು ನಮ್ಮ ದೂರವಾಣಿನಗರದ್ದು.

1990ರ ದಶಕದ ನಂತರ ಈ ಕಾರ್ಖಾನೆಗಳ ಕಾಲ ಇಳೀತು. ಕ್ರೀಡಾ ಕೋಟಾದ ಕೆಲಸಗಳು ಕಡಿಮೆಯಾದ್ವು. ಎಚ್‌ಎಎಲ್ ತಂಡ 2010ರ ಆಸುಪಾಸಿನಲ್ಲಿ ಐ-ಲೀಗ್‌ನಲ್ಲೂ ಆಡ್ತು, ಆದ್ರೆ ದುಡ್ಡು ಸುರಿಯೋ ಕ್ಲಬ್ಬುಗಳ ಎದುರು ಹೆಚ್ಚು ದಿನ ನಿಲ್ಲೋಕೆ ಆಗಲಿಲ್ಲ. ಕೆಲಸದ ಭರವಸೆ ಹೋದಾಗ ಮೊದಲು ಹಿಂದೆ ಸರಿಯೋದು ಬಡವರ ಮನೆ ಮಕ್ಕಳು. 'ಚೆಂಡು ಒದ್ದು ಹೊಟ್ಟೆ ತುಂಬುತ್ತೇನೋ' ಅಂತ ಮನೆಯಲ್ಲಿ ಕೇಳಿದ್ರೆ ಅವರ ಹತ್ರ ಈಗ ಉತ್ತರ ಇಲ್ಲ.

ಅಶೋಕನಗರದ ಗ್ಯಾಲರಿ

ಬನ್ನಿ, ಎರಡನೇ ಸ್ಟೇಡಿಯಂಗೆ. ಎಂ.ಜಿ. ರೋಡ್ ಮೆಟ್ರೋ ಇಳಿದು ಬ್ರಿಗೇಡ್ ರೋಡ್ ಕಡೆಯಿಂದ ನಡೆದ್ರೆ ಸಿಗುತ್ತೆ. ಮಾಲ್‌ಗೆ ಹೋಗೋ ಸಾವಿರಾರು ಜನ ಪಕ್ಕದಲ್ಲಿ ಹೀಗೊಂದು ಸ್ಟೇಡಿಯಂ ಇದೆ ಅನ್ನೋದನ್ನ ಗಮನಿಸೋದೇ ಇಲ್ಲ. ಇದು ಫುಟ್‌ಬಾಲ್‌ಗೆ ಅಂತಲೇ ಇರೋ ಮೈದಾನ. ಸುತ್ತ ಓಟದ ಟ್ರ್ಯಾಕ್ ಇಲ್ಲ, ಗ್ಯಾಲರಿ ಮೈದಾನಕ್ಕೆ ಅಂಟಿಕೊಂಡ ಹಾಗಿದೆ. ಆಟಗಾರ ಕೂಗೋದು ಕೇಳುತ್ತೆ, ಚೆಂಡಿಗೆ ಕಾಲು ತಾಗೋ ಸದ್ದು ಕೇಳುತ್ತೆ. ನೆಲ ಕೃತಕ ಹುಲ್ಲಿನದು.

2013ರ ಸೆಪ್ಟೆಂಬರ್ 22ರಂದು ಬೆಂಗಳೂರು ಎಫ್‌ಸಿ ತನ್ನ ಮೊದಲ ಐ-ಲೀಗ್ ಪಂದ್ಯ ಆಡಿದ್ದು ಇಲ್ಲೇ. ಎದುರಾಳಿ ಮತ್ತೆ ಮೋಹನ್ ಬಾಗಾನ್, ಫಲಿತಾಂಶ 1-1. ಗ್ಯಾಲರಿಯ ಪಶ್ಚಿಮ ಬದಿಯಲ್ಲಿ ಸೇರ್ತಿದ್ದ ಹುಡುಗ ಹುಡುಗಿಯರು 'ವೆಸ್ಟ್ ಬ್ಲಾಕ್ ಬ್ಲೂಸ್' ಆದ್ರು. ಮೊದಲ ಸೀಸನ್‌ನಲ್ಲೇ, 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೋ ತಂಡವನ್ನ 4-2ರಿಂದ ಸೋಲಿಸಿ ಲೀಗ್ ಗೆದ್ರು. ಮುಂದಿನ ಸೀಸನ್‌ಗೆ ಕಂಠೀರವಕ್ಕೆ ಹೋದ್ರು. ಅಲ್ಲಿ 2016ರ ಅಕ್ಟೋಬರ್ 19ರ ರಾತ್ರಿ ಮಲೇಷ್ಯಾದ ಜೊಹೋರ್ ತಂಡವನ್ನ 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆದ್ರು. 2023ರ ಜುಲೈ 4ರಂದು ಅದೇ ಕಂಠೀರವದಲ್ಲಿ ಭಾರತ ಕುವೈತ್ ಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದು ಸ್ಯಾಫ್ ಚಾಂಪಿಯನ್‌ಶಿಪ್ ಎತ್ತಿತು.

ಆದ್ರೆ ಕಂಠೀರವಕ್ಕೆ ಇನ್ನೊಂದು ಮುಖ ಇದೆ. ಅದು ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಈಗಿನ ದೊಡ್ಡ ರೂಪ ಬಂತು. ಓಡೋರು, ಭರ್ಚಿ ಎಸೆಯೋರು, ಲಾಂಗ್ ಜಂಪ್ ಮಾಡೋರು ದಿನಾ ಅಭ್ಯಾಸ ಮಾಡೋ ಜಾಗ. ಅಲ್ಲಿ ಫುಟ್‌ಬಾಲ್ ತಿಂಗಳುಗಟ್ಟಲೆ ಬಂದು ಕೂತಾಗ ಅಥ್ಲೀಟ್‌ಗಳು, ಕೋಚ್‌ಗಳು ಪ್ರಶ್ನೆ ಎತ್ತಿದ್ರು. ವಿಷಯ ಹೈಕೋರ್ಟ್‌ವರೆಗೂ ಹೋಯ್ತು. ಬೆಳಗ್ಗೆ ಐದಕ್ಕೆ ಎದ್ದು ಹೊಸಕೋಟೆಯಿಂದಲೋ ನೆಲಮಂಗಲದಿಂದಲೋ ಬರೋ ಓಟಗಾರ್ತಿಗೆ 'ಇವತ್ತು ಮ್ಯಾಚ್ ಇದೆ, ಟ್ರ್ಯಾಕ್ ಇಲ್ಲ' ಅಂದ್ರೆ ಅವಳ ಪಾಲಿಗೆ ಅದು ಹಬ್ಬ ಅಲ್ಲ. ಫುಟ್‌ಬಾಲ್ ಪ್ರೀತಿಸೋ ನಮಗೆ ಈ ಮಾತು ಕೇಳೋಕೆ ಕಷ್ಟ, ಆದ್ರೂ ಕೇಳಬೇಕು. ಒಂದು ಕೋಟಿಗೂ ಹೆಚ್ಚು ಜನ ಇರೋ ಊರಲ್ಲಿ ಇಬ್ಬರೂ ಒಂದೇ ಅಂಗಳಕ್ಕೆ ಕಿತ್ತಾಡಬೇಕಾಗಿದೆ ಅಂದ್ರೆ ತಪ್ಪು ಆ ಇಬ್ಬರದ್ದಲ್ಲ. ಊರು ಬೆಳೀತು, ಅದಕ್ಕೆ ತಕ್ಕ ಹಾಗೆ ಅಂಗಳ ಬೆಳೀಲಿಲ್ಲ.

ಖಾಲಿ ಜಾಗ ಅಂದ್ರೆ ಯಾರಿಗೆ ಖಾಲಿ?

ಇಲ್ಲಿ ನಾವು ಶುರುವಿನಲ್ಲಿ ಮಾತಾಡಿದ ಕೆರೆ ವಿಷಯ ಇನ್ನೊಂದು ರೂಪದಲ್ಲಿ ಎದುರಾಗುತ್ತೆ. ಕೆರೆ ಬತ್ತಿದಾಗ ಅದನ್ನ 'ಖಾಲಿ ಜಾಗ' ಅಂದ್ರು. ತಿಗಳರಿಗೆ ಅದು ಖಾಲಿ ಆಗಿರಲಿಲ್ಲ. ಇವತ್ತು ಬಡಾವಣೆಯ ಆಟದ ಮೈದಾನಕ್ಕೂ ಅದೇ ಮಾತು ಅಂಟಿಕೊಳ್ತಾ ಇದೆ. ಪಾರ್ಕಿಂಗ್ ಬೇಕಾದ್ರೆ, ಸಮುದಾಯ ಭವನ ಬೇಕಾದ್ರೆ, ರಸ್ತೆ ಕಾಮಗಾರಿಯ ಜಲ್ಲಿ ಸುರಿಯೋಕೆ ಜಾಗ ಬೇಕಾದ್ರೆ ಮೊದಲು ಕಣ್ಣಿಗೆ ಬೀಳೋದು ಮಕ್ಕಳು ಚೆಂಡು ಒದೀತಿರೋ ಆ ಮಣ್ಣಿನ ಅಂಗಳ. ಅದಕ್ಕೆ ಗೇಟಿಲ್ಲ, ಟಿಕೆಟ್ ಇಲ್ಲ, ರಸೀದಿ ಇಲ್ಲ. ಹಾಗಾಗಿ ಅದು ಖಾಲಿ ಅನ್ನಿಸುತ್ತೆ. ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಆಡೋ ಟರ್ಫ್‌ಗಳು ಈಗ ಎಲ್ಲಾ ಕಡೆ ಇವೆ, ನೀವೂ ಆಡಿರ್ತೀರಿ. ಚೆನ್ನಾಗಿರುತ್ತೆ. ಆದ್ರೆ ರಾಮನ್, ಅಹ್ಮದ್ ಖಾನ್ ಹುಟ್ಟಿ ಬಂದಿದ್ದು ದುಡ್ಡು ಕೇಳದ ಅಂಗಳಗಳಿಂದ.

ಸಮಯ ಇದ್ರೆ ಅಶೋಕನಗರದಿಂದ ಆಟೋ ಹಿಡಿದು ಅಲಸೂರು ಪಕ್ಕದ ಗೌತಮಪುರಕ್ಕೆ ಹೋಗಿ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆ ಇನ್ನೊಂದು ಪ್ರತಿಮೆ ಇದೆ. ಪೆಲೆ. ಹೌದು, ಬ್ರೆಜಿಲ್‌ನ ಪೆಲೆ. ವಿಶ್ವಕಪ್ ಬಂದಾಗ ಆ ಬೀದಿ ಹಳದಿ ಹಸಿರು ಬಣ್ಣಕ್ಕೆ ತಿರುಗುತ್ತೆ. ಬಡ ಮನೆಯಲ್ಲಿ ಹುಟ್ಟಿದ ಕಪ್ಪು ಹುಡುಗ ಚೆಂಡಿನ ಬಲದಿಂದ ಜಗತ್ತನ್ನೇ ಗೆದ್ದ ಕಥೆ ದಂಡಿನ ಕಾರ್ಮಿಕರ ಮಕ್ಕಳಿಗೆ ಯಾಕೆ ಅಷ್ಟು ಹತ್ತಿರ ಅನ್ನೋದನ್ನ ಯಾರೂ ವಿವರಿಸಬೇಕಾಗಿಲ್ಲ. ಆ ನಾಲ್ಕೂ ಪ್ರತಿಮೆಗಳನ್ನ ಒಟ್ಟಿಗೆ ನೋಡಿದ್ರೆ ಸಾಕು.

ಹೋಗೋರಿಗೆ ಕೆಲವು ಮಾತು. ದೊಡ್ಡ ಐಎಸ್‌ಎಲ್ ಪಂದ್ಯದ ಟಿಕೆಟ್ ಸಿಕ್ಕಿದ್ರೆ ಕಂಠೀರವಕ್ಕೆ ಖಂಡಿತ ಹೋಗಿ, ಕೂಗಿ, ಗಂಟಲು ಕಟ್ಟಿಸ್ಕೊಳ್ಳಿ. ಆದ್ರೆ ಒಂದು ಸಂಜೆ ಬಿಡುವು ಮಾಡ್ಕೊಂಡು ಅಶೋಕನಗರದಲ್ಲಿ ಸ್ಥಳೀಯ ಲೀಗ್ ಪಂದ್ಯವನ್ನೂ ನೋಡಿ. ಸೂಪರ್ ಡಿವಿಷನ್ ಇರಬಹುದು, ಅದಕ್ಕಿಂತ ಕೆಳಗಿನ ಡಿವಿಷನ್ ಇರಬಹುದು, ಹೆಣ್ಮಕ್ಕಳ ಲೀಗ್ ಇರಬಹುದು. ಜನ ಕಡಿಮೆ ಇರ್ತಾರೆ. ಗ್ಯಾಲರಿಯಲ್ಲಿ ಒಬ್ಬಿಬ್ಬರು ವಯಸ್ಸಾದೋರು ಕೂತಿದ್ರೆ ಪಕ್ಕ ಹೋಗಿ ಕೂತ್ಕೊಳ್ಳಿ. 'ಅಣ್ಣಾ, ನೀವು ಆಡ್ತಿದ್ರಾ?' ಅಂತ ಕೇಳಿ. ಐಟಿಐ ಹೆಸರು ಬರಬಹುದು, ಎಂಇಜಿ ಹೆಸರು ಬರಬಹುದು. ತಮಿಳಲ್ಲೋ, ದಖ್ಖನಿಯಲ್ಲೋ, ಬೆಂಗಳೂರು ಕನ್ನಡದಲ್ಲೋ ಉತ್ತರ ಬರಬಹುದು. ಕೈಯಲ್ಲಿ ಫೋನ್ ಇದ್ದೇ ಇರುತ್ತಲ್ಲ, ಅವರ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡ್ಕೊಳ್ಳಿ. ಈ ಇತಿಹಾಸದಲ್ಲಿ ಪುಸ್ತಕಕ್ಕೆ ಇಳಿದಿರೋದು ಸ್ವಲ್ಪ, ಜನರ ಬಾಯಲ್ಲಿ ಇರೋದೇ ಹೆಚ್ಚು. ಆ ಜನರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು.

ಹಾಗೆ ರೆಕಾರ್ಡ್ ಮಾಡಿದ್ದನ್ನ ನಮಗೂ ಕಳಿಸಿ, ಮುಂದಿನ ಒಂದು ಸಂಚಿಕೆಯಲ್ಲಿ ಅವರ ದನಿಯಲ್ಲೇ ಕೇಳಿಸೋಣ. ನಿಮ್ಮ ಬಡಾವಣೆಯಲ್ಲಿ ಚೆಂಡು ಒದೆಯೋಕೆ ಉಳಿದಿರೋ ಬಯಲು ಯಾವುದು, ಅದರ ಮೇಲೆ ಈಗ ಯಾರ ಕಣ್ಣಿದೆ ಅನ್ನೋದನ್ನೂ ಬರೀರಿ.